ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣೋದಿಲ್ಲ!

ಮೇ ತಿಂಗಳಲ್ಲಿ ನಮ್ಮ ಶ್ರೀರಾಮನಗರದಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ರಾತ್ರಿ ಮಾಳಿಗೆ ಹತ್ತಿದ ಮೇಲೇ ಒಂಚೂರು ಜೀವ ಬರೋದು. ರಜೆಗೆ ಊರಿಗೆ ಹೋದವರು ಮೊಬೈಲ್ ಬದಿಗಿಟ್ಟು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20 ನಿಮಿಷ ಕೊಡಿ. ದೂರದರ್ಶಕ ಬೇಡ. ಅಮಾವಾಸ್ಯೆಯ ಆಸುಪಾಸಾದರೆ ಇನ್ನೂ ಒಳ್ಳೇದು.

ಮೊದಲು ದಕ್ಷಿಣಕ್ಕೆ, ಅಂದರೆ ತುಂಗಭದ್ರಾ ಹೊಳೆಯ ಕಡೆ ನೋಡಿ. ಮೇ ಮಧ್ಯದಲ್ಲಿ 9 ಗಂಟೆಗೆ ದಿಗಂತದಿಂದ ಸ್ವಲ್ಪವೇ ಮೇಲೆ, ಗಾಳಿಪಟದಂತೆ ನಾಲ್ಕು ಚುಕ್ಕಿ ನಿಂತಿರುತ್ತವೆ. ಅದೇ ತ್ರಿಶಂಕು. ಅದರ ಎಡಕ್ಕೆ ಎರಡು ಪ್ರಕಾಶಮಾನ ನಕ್ಷತ್ರ. ತೀರಾ ಎಡಗಡೆಯದು ಆಲ್ಫಾ ಸೆಂಟೌರಿ. ಬರಿಗಣ್ಣಿಗೆ ಕಾಣುವವುಗಳಲ್ಲಿ ಸೂರ್ಯನನ್ನು ಬಿಟ್ಟರೆ ಇದೇ ನಮಗೆ ಹತ್ತಿರದ್ದು. ಆದರೂ ಅದರ ಬೆಳಕು ಇಲ್ಲಿಗೆ ಬರಲು 4 ವರ್ಷದ ಮೇಲೆ ಬೇಕು. ದೆಹಲಿಯಲ್ಲಿ ಇದು ದಿಗಂತಕ್ಕೇ ಅಂಟಿಕೊಂಡಿರುತ್ತೆ, ಕಾಣೋದೇ ಕಷ್ಟ. ಈ ವಿಷಯದಲ್ಲಿ ಕೊಪ್ಪಳದವರು ಪುಣ್ಯವಂತರು!

ಉತ್ತರಕ್ಕೆ ತಿರುಗಿದರೆ ಸಪ್ತರ್ಷಿ ಮಂಡಲ. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಪಕ್ಕದಲ್ಲಿ ಮಿಣುಕುವವಳು ಅರುಂಧತಿ. ಮದುವೆಯಲ್ಲಿ ಮಟಮಟ ಮಧ್ಯಾಹ್ನ ತೋರಿಸ್ತಾರಲ್ಲ, ಅವಳೇ. ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಕೇಸರಿ ಬಣ್ಣದ ಸ್ವಾತಿ, ಇನ್ನೂ ಎಳೆದರೆ ಬಿಳಿಯ ಚಿತ್ರಾ. ಹುಣ್ಣಿಮೆ ಚಂದ್ರ ಚಿತ್ರಾ ಬಳಿ ಬರುವ ತಿಂಗಳೇ ಚೈತ್ರ. ಹತ್ತೂವರೆಗೆ ಆಗ್ನೇಯದಲ್ಲಿ ವೃಶ್ಚಿಕ ರಾಶಿಯ ಕೆಂಪು ಜ್ಯೇಷ್ಠಾ ಮೇಲೆ ಬಂದಿರುತ್ತೆ. ಜ್ಯೇಷ್ಠ ಮಾಸಕ್ಕೆ ಹೆಸರು ಕೊಟ್ಟಿದ್ದು ಅದು.

ಇಷ್ಟನ್ನೂ ಅಪ್ಪನಿಗೆ ತೋರಿಸಿದೆ. ಡ್ಯಾಮ್ ತುಂಬಿದರೆ ಎಡದಂಡೆ ಕಾಲುವೆಗೆ ನೀರು, ನೀರು ಬಂದರೆ ಭತ್ತದ ನಾಟಿ, ಹೀಗೆ ಬದುಕಿದವರು ಅವರು. ಮಳೆ ನಕ್ಷತ್ರಗಳ ಹೆಸರೆಲ್ಲ ಬಾಯಿಪಾಠ. "ಎಲ್ಲಾ ತೋರ್ಸಿದಿ, ರೋಹಿಣಿ ಎಲ್ಲೈತಿ?" ಅಂದರು.

ಇಲ್ಲೇ ಇರೋದು ಸ್ವಾರಸ್ಯ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತೆ ಅಂದರೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಅಂತ ಅರ್ಥ. ಆಗ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ, ಬಿಸಿಲಲ್ಲಿ ಕಾಣೋದಿಲ್ಲ. ಮೃಗಶಿರ, ಆರಿದ್ರಾ ಮಳೆಗಳದ್ದೂ ಇದೇ ಕಥೆ. ಯಾವ ನಕ್ಷತ್ರದ ಮಳೆಯೋ ಆ ನಕ್ಷತ್ರ ಆಗ ರಾತ್ರಿಯ ಆಕಾಶದಲ್ಲಿ ಇರೋದಿಲ್ಲ.

"ಜೂನ್ ಕೊನೆಗೆ ನಸುಕಿನಾಗ ಪೂರ್ವಕ್ಕ ಕಾಣ್ತೈತಿ ಅಪ್ಪಾ" ಅಂದೆ.

"ಅವಾಗ ಮೋಡ ಇರ್ಬೇಕಲೇ, ಕಾಣೋದ್ ಬ್ಯಾಡ" ಅಂತ ಮಗ್ಗುಲಾದರು.