ದೂರು ಕೊಟ್ಟ ಮೇಲೂ ಅದೇ ಮೇಲಧಿಕಾರಿಯೇ?

ಪ್ರಶ್ನೆ: ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟ ಮಹಿಳೆ, ವಿಚಾರಣೆ ಮುಗಿಯುವವರೆಗೆ ಅದೇ ಮೇಲಧಿಕಾರಿಯ ಕೈಕೆಳಗೆ ದುಡಿಯಬೇಕೇ?

ಉತ್ತರ: ದುಡಿಯಲೇಬೇಕೆಂದಿಲ್ಲ. ದೂರು ಕೊಡುವುದಕ್ಕಿಂತ ಕೊಟ್ಟ ನಂತರದ ದಿನಗಳೇ ಹೆಚ್ಚು ಹೆದರಿಸುತ್ತವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದನ್ನು ಗಮನಿಸಿದೆ. ಆಕೆ ಲಿಖಿತವಾಗಿ ಕೇಳಿಕೊಂಡರೆ, ಇಬ್ಬರಲ್ಲೊಬ್ಬರನ್ನು ಬೇರೆಡೆಗೆ ವರ್ಗಾಯಿಸಲು, ಆಕೆಗೆ ಸಲ್ಲಬೇಕಾದ ರಜೆಯ ಜೊತೆಗೆ 3 ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಲು, ದೂರನ್ನು ವಿಚಾರಿಸುವ ಕಚೇರಿಯ ಆಂತರಿಕ ಸಮಿತಿ ಶಿಫಾರಸು ಮಾಡಬಹುದು. ಆಕೆಯ ಕೆಲಸದ ಮೌಲ್ಯಮಾಪನವನ್ನು ಆತ ಬರೆಯದಂತೆಯೂ ನೋಡಿಕೊಳ್ಳಬಹುದು. ಬಡ್ತಿ ತಪ್ಪೀತೆಂದು ಬಾಯಿ ಮುಚ್ಚಿಕೊಂಡವರಿಗೆ, ನನ್ನ ಪ್ರಕಾರ, ಇದೇ ದೊಡ್ಡ ಆಸರೆ. ಶಿಫಾರಸು ಬಂದರೆ ಮಾಲೀಕರು ಜಾರಿ ಮಾಡಲೇಬೇಕು. ಹತ್ತಕ್ಕಿಂತ ಕಡಿಮೆ ನೌಕರರಿದ್ದು ಆಂತರಿಕ ಸಮಿತಿ ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಸಲ್ಲಿಸಿ; ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಸಾಕ್ಷ್ಯವಾಗಬಲ್ಲ ಮೆಸೇಜು, ಇಮೇಲುಗಳನ್ನು ಅಳಿಸಬೇಡಿ.