ಕಿವಿಯ ತುರಿಕೆ, ಮಂಡಿ ಆಪರೇಷನ್

ಆರ್ಟಿಫಿಶಿಯಲ್ ಓಲೆ ಹಾಕ್ಕೊಂಡ್ರೆ ನಿಮ್ಮ ಕಿವಿ ತುರಿಸಿ ನೀರಾಡುತ್ತದೆಯೇ? ವಾಚಿನ ಬಕಲ್ ತಾಗಿದ ಕಡೆ ಗುಳ್ಳೆ ಏಳುತ್ತದೆಯೇ? ಅದು ನಿಕ್ಕಲ್ ಅಲರ್ಜಿ ಇರಬಹುದು. ಮಂಡಿ ಬದಲಾಯಿಸುವ ಆಪರೇಷನ್‌ಗೆ ದಿನ ಗೊತ್ತುಮಾಡುವ ಮೊದಲೇ ಡಾಕ್ಟರಿಗೆ ಇದನ್ನು ಹೇಳಿಬಿಡಿ. 'ಓಲೆಗೂ ಮಂಡಿಗೂ ಏನು ಸಂಬಂಧ' ಅನ್ನಬೇಡಿ. ಕೃತಕ ಮಂಡಿಗೆ ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಲ್ಲೂ ಅಲ್ಪಸ್ವಲ್ಪ ನಿಕ್ಕಲ್ ಇರುತ್ತದೆ.

ಹಾಗಂತ ಗಾಬರಿ ಬೇಡ. ಚರ್ಮದ ಅಲರ್ಜಿ ಇರುವ ಬಹುತೇಕರಿಗೆ ಒಳಗೆ ಕೂರಿಸಿದ ಲೋಹದಿಂದ ತೊಂದರೆಯಾಗುವುದಿಲ್ಲ. ಅನುಮಾನವಿದ್ದರೆ ಚರ್ಮವೈದ್ಯರು ಬೆನ್ನಿಗೆ ಪ್ಯಾಚ್ ಟೆಸ್ಟ್ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷಿಸುತ್ತಾರೆ. ಅಲರ್ಜಿ ಖಚಿತವಾದರೆ ಬೇರೆ ಬಗೆಯ ಇಂಪ್ಲಾಂಟ್‌ಗಳೂ ಇವೆ. ಆಪರೇಷನ್ ಆದ ಮೇಲೂ ನೋವು, ಊತ ಇಳಿಯದಿದ್ದರೆ ಮೊದಲು ಸೋಂಕಿದೆಯೇ, ಇಂಪ್ಲಾಂಟ್ ಸಡಿಲವಾಗಿದೆಯೇ ಎಂದು ನೋಡಿಸಿ.

ಉಸಿರಾಟದ ತೊಂದರೆ ಬಂದರೆ ಮಾತ್ರ 'ಲೋಹ ಒಗ್ಗಿಲ್ಲ' ಅಂದ್ಕೊಂಡು ಸುಮ್ಮನಿರಬೇಡಿ. ಆಪರೇಷನ್ ನಂತರದ ವಾರಗಳಲ್ಲಿ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಇದು ಜೀವಕ್ಕೇ ಅಪಾಯ. ದಿಢೀರ್ ಏದುಸಿರು, ಎದೆನೋವು, ಮೀನಖಂಡದಲ್ಲಿ ಊತ-ನೋವು ಇದರ ಸೂಚನೆಗಳು. ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯದೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ, ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ.

ಆಸ್ತಮಾ ಇದ್ದವರು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ಆಸ್ಪತ್ರೆಗೆ ಹೊರಡುವಾಗ ಇನ್‌ಹೇಲರ್ ಬ್ಯಾಗಿನಲ್ಲಿರಲಿ. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಸ್ಟಿಕರ್ ಅಂಟಿಸಿದ ಕಾಗದ ಕೇಳಿ ಪಡೆಯಿರಿ. ಒಡವೆ ರಸೀದಿಯಷ್ಟೇ ಜೋಪಾನವಾಗಿ ಇಡಿ. ಮುಂದೆ ಯಾವ ಡಾಕ್ಟರ್ ಬಳಿ ಹೋದರೂ ಅದು ಬೇಕಾಗುತ್ತದೆ.