ಬಾಗಲೂರಿನ ಬಿಳಿ ರಸ್ತೆ

ಡಿಸೆಂಬರ್ ಹಿಡಿದರೆ ಸಾಕು, ಹೊಸೂರು–ಬಾಗಲೂರು ರಸ್ತೆಯಲ್ಲಿ ಮಂಜು ಕವಿದು ಬೆಳಿಗ್ಗೆ ಎಂಟಾದರೂ ಗಾಡಿಗಳ ಲೈಟು ಆರುವುದಿಲ್ಲ. ಎದುರಿಗೆ ಬರುತ್ತಿರುವುದು ಬಸ್ಸೋ ಟೆಂಪೊವೋ ಎಂದು ತಿಳಿಯುವುದು ಅದು ಪಕ್ಕಕ್ಕೆ ಬಂದ ಮೇಲೆಯೇ. ತಮಿಳುನಾಡೆಂದರೆ ಬಿಸಿಲು, ಬೆವರು ಎಂದುಕೊಂಡು ಬಂದವರು ಕೃಷ್ಣಗಿರಿ ಜಿಲ್ಲೆಯ ಈ ಮೂಲೆಯಲ್ಲಿ ಮಫ್ಲರ್ ಹುಡುಕಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸೀಮೆಯಿದು. ಹವೆ ಬೆಂಗಳೂರಿನದೇ. ಅಂಗಡಿ ಮುಂದಿನ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳಿ ತಮಿಳಿನಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ.

ಹಿಂದೆ ಇದು ಪಾಳೆಯಗಾರರ ಊರು. ಹೊಸೂರು ಸೀಮೆಯ ಬಾಗಲೂರು, ಬೇರಿಕೆ, ಶೂಳಗಿರಿ ಮೂರೂ ಪಾಳೆಯಪಟ್ಟುಗಳಾಗಿದ್ದವು. ಸೇಲಂ ಜಿಲ್ಲೆಯಲ್ಲಿದ್ದ ಈ ಭಾಗ 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಜಿಲ್ಲಾ ಕಚೇರಿ ಎಲ್ಲಿಗೆ ಹೋದರೂ ನದಿಯ ನೀರು ಮಾತ್ರ ಅಂದಿನಿಂದ ಇಂದಿಗೂ ಗಡಿಯಾಚೆಯ ಮೈಸೂರು ಸೀಮೆಯಿಂದಲೇ ಬರುತ್ತಿದೆ. ಈ ಊರಿನ ಕಥೆಯಲ್ಲಿ ಅದೇ ಮುಖ್ಯ. ಅಲ್ಲಿಗೆ ಹೋಗುವ ಮೊದಲು ಮಂಜಿನ ಮಾತು ಮುಗಿಸೋಣ.

ಇಲ್ಲಿ ಹಿಮ ಬೀಳುವುದಿಲ್ಲ. ನೆರೆಯ ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ, ಅಂದಮೇಲೆ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಮಾಗಿಯಲ್ಲಿ ಆಕಾಶ ತಿಳಿಯಾಗಿ, ಗಾಳಿ ಸ್ತಬ್ಧವಾಗಿರುವ ರಾತ್ರಿಗಳಲ್ಲಿ ನೆಲ ಬೇಗ ಆರುತ್ತದೆ. ಅದಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ ಮಂಜು ಕಟ್ಟುತ್ತದೆ. ಕೆರೆ, ನದಿ, ಹನಿ ನೀರಾವರಿಯ ತೋಟಗಳಿರುವ ತಗ್ಗಿನಲ್ಲಿ ಅದು ಇನ್ನೂ ದಟ್ಟ. ಬಿಸಿಲು ಏರುವವರೆಗೆ ಅದನ್ನು ಅಲ್ಲಾಡಿಸಲು ಆಗುವುದಿಲ್ಲ.

ಕಷ್ಟವೆಂದರೆ ಮಂಜಿನ ಹೊತ್ತೇ ದುಡಿಮೆಯ ಹೊತ್ತು. ಹಾಲಿನ ವ್ಯಾನು, ಕೊತ್ತಂಬರಿ–ಎಲೆಕೋಸು ಹೇರಿದ ಟೆಂಪೊ, ಹೊಸೂರಿನ ಕಾರ್ಖಾನೆಗಳಿಗೆ ಬೆಳಗಿನ ಪಾಳಿಯವರನ್ನು ಒಯ್ಯುವ ಕಂಪನಿ ಬಸ್ಸು, ಎಲ್ಲವೂ ಒಟ್ಟಿಗೆ ರಸ್ತೆಗಿಳಿಯುತ್ತವೆ. ಹೈ ಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆಂದು ಹಳೆಯ ಡ್ರೈವರುಗಳಿಗೆ ಗೊತ್ತು; ಅವರು ಡಿಮ್ ಮಾಡಿ, ಕಿಟಕಿ ಇಳಿಸಿ, ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗುತ್ತಾರೆ. ಗಾಜಿನ ಒಳಗೆ ಕಟ್ಟಿದ ಹಬೆಯನ್ನು ಕ್ಲೀನರ್ ಹುಡುಗ ಹಳೆಯ ಪೇಪರಿನಲ್ಲಿ ಒರೆಸುತ್ತಿರುತ್ತಾನೆ. ಗೆರೆ ಅಳಿಸಿಹೋದ ಕಡೆ ಆ ವಿದ್ಯೆಯೂ ನಡೆಯದು. ಇಂಥದೇ ಮಂಜಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ 2020ರ ಕೊನೆಯಲ್ಲಿ ಒಂದು ರನ್‌ವೇಗೆ ದಟ್ಟ ಮಂಜಿನಲ್ಲೂ ವಿಮಾನ ಇಳಿಸಬಲ್ಲ ಕ್ಯಾಟ್–3 ಉಪಕರಣ ಹಾಕಿಸಿಕೊಂಡಿತು. ಬಾಗಲೂರು ರಸ್ತೆಗೆ ಬೇಕಿರುವುದು ಎರಡು ಡಬ್ಬ ಬಣ್ಣ, ತಿರುವುಗಳಲ್ಲಿ ಹೊಳೆಯುವ ಪಟ್ಟಿ, ಅಷ್ಟೆ.

ಗುಲಾಬಿ ಬೆಳೆಯುವವರ ಚಿಂತೆ ಬೇರೆ. ಬಾಗಲೂರು ಬಳಿಯ ಅಮುದಗೊಂಡಪಳ್ಳಿಯಲ್ಲಿ ಟ್ಯಾನ್‌ಫ್ಲೋರಾ ಹೂವಿನ ಪಾರ್ಕ್ ಇದೆ. ಸುತ್ತ ರೈತರ ಪಾಲಿಹೌಸ್‌ಗಳಿವೆ. ಫೆಬ್ರುವರಿ 14ಕ್ಕೆ ಹೂವು ಸಿಗಬೇಕಾದರೆ ಡಿಸೆಂಬರಿನಲ್ಲೇ ಗಿಡ ಕತ್ತರಿಸಿ ಹೊಸ ಚಿಗುರಿಗೆ ಬಿಡಬೇಕು. ಅಂದರೆ ಪ್ರೇಮಿಗಳ ದಿನದ ಹೂವು ಮೊಗ್ಗಾಗುವುದೇ ಮಂಜಿನ ದಿನಗಳಲ್ಲಿ. ಎಲೆಯ ಮೇಲೆ ತೇವ ನಿಂತರೆ ಬೂಷ್ಟು, ಚಳಿ ಹೆಚ್ಚಾದರೆ ಮೊಗ್ಗು ತಡ. ಪರದೆ ಎತ್ತು, ಇಳಿಸು. ಬೆಳಗೆಲ್ಲ ಇದೇ ಕೆಲಸ.

ಇನ್ನು ನದಿ. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ, ಮುಗಳೂರು ದಾಟಿ ಬಾಗಲೂರು ಕಡೆಯ ಕೊಡಿಯಾಳಂ ಹತ್ತಿರ ತಮಿಳುನಾಡಿಗೆ ಕಾಲಿಟ್ಟು ತೆನ್‌ಪೆಣ್ಣೈ ಆಗುತ್ತದೆ. ಮುಂದೆ ಕೆಲವರಪಳ್ಳಿ ಅಣೆಕಟ್ಟೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯೂ ಇದೇ ನದಿಗೆ ಸೇರುತ್ತದೆ. ಬೆಂಗಳೂರಿನಲ್ಲಿ ಜೋರು ಮಳೆಯಾದರೆ ಅಣೆಕಟ್ಟೆಯ ಒಳಹರಿವು ಏರುತ್ತದೆ, ಗೇಟು ಎತ್ತುತ್ತಾರೆ, ಕೆಳಗೆ ಬಿದ್ದ ನೀರು ನೊರೆಯಾಗುತ್ತದೆ. ನದಿಯ ನೊರೆಯೆಂದರೆ ಅಂಗೈ ಅಗಲದ್ದೆಂದು ಭಾವಿಸಬೇಡಿ. 2024ರ ಅಕ್ಟೋಬರಿನಲ್ಲಿ ನಂದಿಮಂಗಲ–ತಟ್ಟಗಾನಪಳ್ಳಿ ನಡುವಿನ ತಗ್ಗು ಸೇತುವೆ ನೊರೆಯಡಿ ಮುಚ್ಚಿಹೋಗಿ ಓಡಾಟ ನಿಂತಿತು. ಎರಡೂ ಬದಿಗೆ ಬ್ಯಾರಿಕೇಡ್ ಬಿತ್ತು; ಅಗ್ನಿಶಾಮಕದವರು ಬಂದು ಪೈಪು ಹಿಡಿದು ನೀರು ಚಿಮ್ಮಿಸಿ ನೊರೆ ಕರಗಿಸಿದರು. ಫೋಟೊ ನೋಡಿದವರು ಹಿಮ ಬಿದ್ದ ಮನಾಲಿಯೆಂದೇ ಅಂದುಕೊಳ್ಳಬೇಕು. ಹತ್ತಿರ ಹೋದರೆ ಚರಂಡಿಯ ವಾಸನೆ. ಗಾಳಿ ಬೀಸಿದರೆ ನೊರೆಯ ಮುದ್ದೆಗಳು ಎದ್ದು ಹೊಲದ ಮೇಲೆ ಕೂರುತ್ತವೆ, ಅದರಡಿಯಲ್ಲಿ ಸೇತುವೆಯ ಅಂಚು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಕಾಣುವುದಿಲ್ಲ. ಅಪಾಯ ಇರುವುದು ಅಲ್ಲೇ.

ಹಿಮಕ್ಕೆ ಉಪ್ಪು ಎರಚಿದರೆ ಅದು ಹೆಪ್ಪುಗಟ್ಟುವ ಮಟ್ಟ ಕೆಳಗಿಳಿದು ಕರಗುತ್ತದೆ. ನೊರೆಗೆ ನೀರಿನ ಪೆಟ್ಟು ಸಾಕು, ಗುಳ್ಳೆ ಒಡೆಯುತ್ತದೆ. ಆದರೆ ಗುಳ್ಳೆ ಕಟ್ಟಿಸಿದ ವಸ್ತು ಎಲ್ಲಿಗೂ ಹೋಗುವುದಿಲ್ಲ. ಸಂಸ್ಕರಣೆಯಾಗದ ಒಳಚರಂಡಿ ನೀರು, ಡಿಟರ್ಜೆಂಟು, ಅದರ ರಂಜಕ, ಕೆರೆಯ ತಳದಲ್ಲಿ ಕೂತ ಹೂಳು ಎಲ್ಲ ಸೇರಿದ್ದು ಈ ನೊರೆ. ಬೆಂಗಳೂರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ವರ್ತೂರು ಕೋಡಿಯಲ್ಲಿ ನೊರೆ ರಸ್ತೆಗೇ ಹಾರಿದಾಗ ಬಲೆಯ ಬೇಲಿ ಕಟ್ಟಿದ್ದರು. ಬೆಳ್ಳಂದೂರಿನಲ್ಲಿ 2015ರಲ್ಲಿ ನೊರೆಗೆ ಬೆಂಕಿಯೇ ಹತ್ತಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಬಲೆಯ ಬೇಲಿ ರಸ್ತೆಯನ್ನು ಉಳಿಸಿತು, ನೀರು ಕೆಳಗಿನ ಊರಿಗೆ ಹೋಯಿತು.

ಇಲ್ಲಿ ಷಿಕಾಗೊ ನೆನಪಾಗುತ್ತದೆ. 1979ರ ಜನವರಿಯಲ್ಲಿ ಅಲ್ಲಿ ಭಾರಿ ಹಿಮ ಸುರಿಯಿತು, ರಸ್ತೆ ತೆರವಾಗಲಿಲ್ಲ. ಮರುತಿಂಗಳೇ ಪಕ್ಷದ ಒಳಚುನಾವಣೆಯಲ್ಲಿ ಮೇಯರ್ ಮೈಕೆಲ್ ಬಿಲಾಂಡಿಕ್ ಸೋತು, ಜೇನ್ ಬರ್ನ್ ಗೆದ್ದರು. ಹಿಮ ಬಿದ್ದದ್ದೂ ವೋಟು ಬಿದ್ದದ್ದೂ ಒಂದೇ ಊರಿನಲ್ಲಿ, ಹಾಗಾಗಿ ಲೆಕ್ಕ ಚುಕ್ತಾ ಆಯಿತು. ತಟ್ಟಗಾನಪಳ್ಳಿಯವರ ವೋಟು ಕೃಷ್ಣಗಿರಿ ಜಿಲ್ಲೆಯಲ್ಲಿ. ನೊರೆ ಹುಟ್ಟಿಸುವ ಚರಂಡಿ ಬೆಂಗಳೂರಿನಲ್ಲಿ. ಸರಿ, ಬೆಂಗಳೂರಿನವರಾದರೂ ಕೇಳಬಹುದಿತ್ತಲ್ಲ ಎನ್ನಿ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಸೋಲಿಸುವುದಕ್ಕೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಎರಡು ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಗಡಿಯ ಆಚೀಚೆ ನೀರಿನ ಮಾದರಿ ತೆಗೆಯುತ್ತವೆ. ವರದಿ ಬರುತ್ತದೆ, ಪತ್ರ ಹೋಗುತ್ತದೆ.

ಸೇತುವೆ ಎತ್ತರಿಸಬೇಕೆಂಬ ಮಾತಿನಲ್ಲಿ ನ್ಯಾಯವಿದೆ. ಶಾಲೆಯ ಮಕ್ಕಳು, ಹಾಲಿನವರು ಸುತ್ತು ಹಾಕಿ ಹೋಗುವುದು ತಪ್ಪುತ್ತದೆ. ಆದರೆ ಕೆಲವರಪಳ್ಳಿಯಿಂದ ಎಡ, ಬಲ ಎರಡು ಕಾಲುವೆಗಳು ಹೊರಡುತ್ತವೆ, ಹೊಲಗಳಿಗೆ ಹೋಗುವುದು ಇದೇ ನೀರು. ಅಲ್ಲಿ ನೊರೆ ಅಡಗಿ ನೀರು ಸಾಮಾನ್ಯವಾಗಿಯೇ ಕಾಣುತ್ತದೆ, ಓಡಾಟವೂ ನಿಲ್ಲುವುದಿಲ್ಲ, ಹಾಗಾಗಿ ಅಗ್ನಿಶಾಮಕದ ಗಾಡಿಯೂ ಅತ್ತ ಹೋಗುವುದಿಲ್ಲ.